‘ನಮ್ಮನಿಯವ್ರು ಅಂಥವರಲ್ಲ’ ಅನ್ನುವ ತಂಗಿಗೆ

ತಂಗೀ, ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರ ನನಗೆ ಹೇಳಬೇಕಿಲ್ಲ, ನಿನ್ನ ಮನಸ್ಸಿನಲ್ಲೇ ಇರಲಿ. ಗಂಡು ಹೆಣ್ಣಿನ ಕೂಟದಿಂದ ಹರಡುವ ಸೋಂಕು ನಿನಗೆ ತಗಲುವ ಸಾಧ್ಯತೆ ಎಷ್ಟು ಅನ್ನಿಸುತ್ತದೆ? ಇಲ್ಲವೇ ಇಲ್ಲ, ಸ್ವಲ್ಪ ಇದೆ, ಬಹಳ ಇದೆ. ಈ ಮೂರರಲ್ಲಿ ಯಾವುದು?

ಸರ್ಕಾರಿ ಆಸ್ಪತ್ರೆಯ ಆಪ್ತ ಸಮಾಲೋಚನೆ ಕೋಣೆಯಲ್ಲಿ ಕೂತು ಇದನ್ನೇ ಕೇಳುವುದು ನನ್ನ ನೌಕರಿಯಾಗಿತ್ತು. ಬರುತ್ತಿದ್ದವರು ಬಾಗಲಕೋಟೆ, ಬೆಳಗಾವಿ ಸೀಮೆಯ ಹೆಣ್ಣುಮಕ್ಕಳು. ಕಬ್ಬಿನ ಗ್ಯಾಂಗಿನಲ್ಲಿ ಸಾಂಗ್ಲಿ ಕಡೆ ಹೋಗಿ ಬಂದವರು, ಗಂಡನನ್ನು ಗೋವಾಕ್ಕೆ ದುಡಿಯಲು ಕಳಿಸಿ ಅತ್ತೆಯ ಜತೆ ಊರಲ್ಲಿ ಉಳಿದವರು, ಲಾರಿ ಡ್ರೈವರರ ಹೆಂಡಂದಿರು, ಚಿಕ್ಕಂದಿನಲ್ಲೇ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರು, ಹೊಟ್ಟೆಪಾಡಿಗೆ ದಂಧೆಗೆ ಇಳಿದವರು. ಬಾಳು ಒಬ್ಬೊಬ್ಬರದು ಒಂದೊಂದು ಬಗೆ. ಉತ್ತರ ಮಾತ್ರ ಹೆಚ್ಚುಕಡಿಮೆ ಒಂದೇ. ‘ನನಗ್ಯಾಕ ಬರ್ತದರೀ ಅಕ್ಕಾರ? ನಮ್ಮನಿಯವ್ರು ಅಂಥವರಲ್ರೀ.’ ದಂಧೆ ಮಾಡುವವಳೂ ಹೇಳುವುದು ಇದನ್ನೇ, ತುಸು ತಿರುಗಿಸಿ. ‘ಗಿರಾಕಿ ಸಂಗಾಟ ನಿರೋಧ್ ಇಲ್ಲದ ಮಾತಿಲ್ರಿ. ನಮ್ಮವನ ಸಂಗಾಟ ಅದೆಲ್ಲಾ ಯಾಕ ಬೇಕು?’

ಎರಡು ಉತ್ತರಗಳ ಬೇರೂ ಒಂದೇ. ಮೈಗೆ ಎಷ್ಟು ಅಪಾಯ ಇದೆ ಎಂಬುದನ್ನು ನಾವು ಹೆಂಗಸರು ಗಂಡಸಿನ ಮೇಲಿನ ನಂಬಿಕೆಯಿಂದ ಅಳೆಯುತ್ತೇವೆ. ಅಪರಿಚಿತ ಅಂದರೆ ಅಪಾಯ, ಪರಿಚಿತ ಅಂದರೆ ಕಡಿಮೆ, ತಾಳಿ ಕಟ್ಟಿದವನು ಅಂದರೆ ಏನೂ ಇಲ್ಲ. ಸಂಸಾರ ನಡೆಸಲು ಈ ಅಳತೆ ಸರಿ. ಸೋಂಕಿನ ವಿಷಯಕ್ಕೆ ಬಂದಾಗ ಇದು ತಲೆಕೆಳಗು.

ಸುಮ್ಮನೆ ಹೇಳುತ್ತಿಲ್ಲ. ಮೈಸೂರಿನಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರೇ ಮುಂದೆ ನಿಂತು ನಡೆಸಿದ ಕೆಲಸವೊಂದಿದೆ, ಆಶೋದಯ ಸಮಿತಿ ಎಂದು ಹೆಸರಾದದ್ದು. ಅಲ್ಲಿ 2004ರಲ್ಲಿ ಒಮ್ಮೆ, 2006ರಲ್ಲಿ ಇನ್ನೊಮ್ಮೆ ಸಮೀಕ್ಷೆ ನಡೆಯಿತು. ಆಗೊಮ್ಮೆ ಈಗೊಮ್ಮೆ ಬರುವ ಗಿರಾಕಿಯ ಜತೆ ಕಳೆದ ಸಲ ಕಾಂಡೋಮ್ ಬಳಸಿದ್ದೆ ಎಂದವರು ನೂರಕ್ಕೆ 65ರಿಂದ 90ಕ್ಕೆ ಏರಿದರು. ಮೇಲಿಂದ ಮೇಲೆ ಬರುವ ಗಿರಾಕಿಯ ಜತೆ 53ರಿಂದ 66. ತಮ್ಮವನು ಎಂದುಕೊಂಡವನ ಜತೆ? 7ರಿಂದ 30. ಅದೇ ಹೆಂಗಸು, ಅದೇ ತಿಳಿವಳಿಕೆ, ಚೀಲದಲ್ಲಿ ಅದೇ ನಿರೋಧ್ ಪೊಟ್ಟಣ. ಮನಸ್ಸಿಗೆ ಹತ್ತಿರದವನು ಬಂದಷ್ಟೂ ಅದು ಚೀಲದಲ್ಲೇ ಉಳಿಯಿತು. ಆದರೂ ಆ ಎರಡು ವರ್ಷದಲ್ಲಿ ಆ ಹೆಣ್ಣುಮಕ್ಕಳು ಸಾಧಿಸಿದ್ದು ದೊಡ್ಡದು. ಸಿಫಿಲಿಸ್ ನೂರಕ್ಕೆ 25 ಇದ್ದದ್ದು 12ಕ್ಕೆ ಬಂತು, ಗೊನೋರಿಯಾ 5ರಿಂದ 2ಕ್ಕೆ. ನಮ್ಮ ಗೃಹಿಣಿಯರು ಯಾರನ್ನು ನೋಡಿ ಮೂಗು ಮುರಿಯುತ್ತಾರೋ ಅವರು ಈ ವಿಷಯದಲ್ಲಿ ನಮಗೆಲ್ಲ ಪಾಠ ಹೇಳುವಷ್ಟು ಮುಂದಿದ್ದಾರೆ. ಇದನ್ನು ನಾನು ಎಲ್ಲ ಸಭೆಯಲ್ಲೂ ಹೇಳುತ್ತಿದ್ದೆ, ಕೆಲವರಿಗೆ ರುಚಿಸುತ್ತಿರಲಿಲ್ಲ.

ಇನ್ನು ಗೃಹಿಣಿಯರ ಮಾತು. ಪುಣೆಯ ಲೈಂಗಿಕ ರೋಗಗಳ ಕ್ಲಿನಿಕ್ಕುಗಳಿಗೆ ಬಂದ ಹೆಂಗಸರ ಮೇಲೆ ನಡೆದ ಒಂದು ಅಧ್ಯಯನ 1997ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ದಂಧೆಗೆ ಸಂಬಂಧವೇ ಇಲ್ಲದ ಹೆಂಗಸರಲ್ಲಿ ನೂರಕ್ಕೆ 13.6 ಮಂದಿಗೆ ಎಚ್‌ಐವಿ ಇತ್ತು. ಬಹುಪಾಲು ಮದುವೆಯಾದವರು, ಗಂಡನೊಬ್ಬನನ್ನು ಬಿಟ್ಟು ಬೇರೆ ಗಂಡಸಿನ ಮುಖ ನೋಡದವರು. ಕ್ಲಿನಿಕ್ಕಿಗೆ ಬಂದವರ ಲೆಕ್ಕ ಅದು, ಇಡೀ ಊರಿನದಲ್ಲ, ಹೆದರಬೇಡ. ಆದರೆ ಅವರು ಮಾಡಿದ ತಪ್ಪೇನು ಎಂದು ಕೇಳಿಕೋ. ಮದುವೆಯಾದದ್ದು ಬಿಟ್ಟರೆ ಏನೂ ಇಲ್ಲ.

‘ಅಂಥವರು’ ಎಂಬ ಈ ಗೆರೆ ಎಲ್ಲಿಂದ ಬಂತು ಎಂಬುದಕ್ಕೂ ಒಂದು ಕಥೆ ಇದೆ. 1986ರಲ್ಲಿ ನಮ್ಮ ದೇಶದ ಮೊದಲ ಎಚ್‌ಐವಿ ಸೋಂಕು ಪತ್ತೆಯಾದದ್ದು ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರ ಕೈಯಲ್ಲಿ. ರಕ್ತ ಸಂಗ್ರಹಿಸಿದ್ದು ಲೈಂಗಿಕ ವೃತ್ತಿಯ ಮಹಿಳೆಯರಿಂದ. ಹುಡುಕಿದ್ದು ಅಲ್ಲಿ, ಸಿಕ್ಕಿದ್ದೂ ಅಲ್ಲಿ. ಆಮೇಲೆ ಬಂದ ಗೋಡೆಬರಹ, ತಲೆಬುರುಡೆಯ ಪೋಸ್ಟರು, ರೇಡಿಯೊ ನಾಟಕ ಎಲ್ಲವೂ ಅದೇ ಕಡೆ ಬೆರಳು ತೋರಿದವು. ಪರಸ್ತ್ರೀ ಸಂಗ ಬಿಡಿ ಎಂದು ಗಂಡಸರಿಗೆ ಬುದ್ಧಿ ಹೇಳಿದರು. ಆ ಗಂಡಸಿನ ಮನೆಯೊಳಗೆ ರೊಟ್ಟಿ ಬಡಿಯುತ್ತ ಕೂತವಳಿಗೆ ಯಾರೂ ಏನೂ ಹೇಳಲಿಲ್ಲ. ಅವಳು ಆ ಪೋಸ್ಟರು ನೋಡಿ, ಇದು ನನ್ನ ಸುದ್ದಿಯಲ್ಲ ಎಂದುಕೊಂಡಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಮುತ್ತು ಕಟ್ಟಿಸಿಕೊಂಡ ತಾಯಂದಿರದು ಇನ್ನೊಂದು ಬಗೆ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 1982ರಲ್ಲೇ ಆಯಿತು. ಕಾನೂನಿಗೆ ಮುಂಚೆ ಕಟ್ಟಿಸಿಕೊಂಡವರು, ಕಾನೂನಿನ ಕಣ್ಣು ತಪ್ಪಿಸಿ ಕಟ್ಟಿಸಿಕೊಂಡವರು, ಎಲ್ಲರನ್ನೂ ಕಂಡಿದ್ದೇನೆ. ಆಕೆಯನ್ನು ಇಟ್ಟುಕೊಂಡ ಗೌಡನೋ ಸಾಹುಕಾರನೋ ಇರುತ್ತಾನೆ. ಆತನಿಗೆ ಬೇರೆ ಸಂಸಾರ ಇರುತ್ತದೆ, ಆಕೆಗೂ ಗೊತ್ತು. ಆದರೂ ಮಕ್ಕಳ ತಂದೆ ಆತ, ಹಬ್ಬಕ್ಕೆ ಸೀರೆ ತರುವವನು ಆತ. ಕಾಂಡೋಮ್ ಮಾತೆತ್ತಿದರೆ ‘ಹಂಗಾದ್ರ ನನ್ನನ್ನ ಗಿರಾಕಿ ಅಂತ ತಿಳದೀಯೇನು?’ ಎಂದಾನು. ಆ ಒಂದು ಮಾತಿಗೆ ಹೆದರಿ ಹಾಸಿಗೆಯಲ್ಲಿ ಸುಮ್ಮನಾದವರು ಎಷ್ಟೋ.

ಎರಡನೆಯ ಅಳತೆಗೋಲು ಮೈಯ ತ್ರಾಸು. ನೋವಿಲ್ಲ, ತುರಿಕೆ ಇಲ್ಲ, ಹುಣ್ಣಿಲ್ಲ, ಅಂದಮೇಲೆ ರೋಗ ಎಲ್ಲಿಂದ? ಗಂಡಸಿನ ಮಟ್ಟಿಗೆ ಈ ಮಾತು ಅಷ್ಟಿಷ್ಟು ನಡೆದೀತು. ಗೊನೋರಿಯಾ ಆದರೆ ಅವನಿಗೆ ಮೂತ್ರ ಮಾಡುವಾಗ ಉರಿ, ಕೀವು, ಎರಡು ದಿನದಲ್ಲಿ ಡಾಕ್ಟರ ಬಾಗಿಲು. ನಮ್ಮ ಅಂಗಗಳು ಒಳಗಿವೆ. ಗೊನೋರಿಯಾ ತಗಲಿದ ಹೆಂಗಸರಲ್ಲಿ ಸುಮಾರು ಅರ್ಧ ಜನಕ್ಕೆ ಏನೂ ಗೊತ್ತೇ ಆಗುವುದಿಲ್ಲ. ಕ್ಲಮಿಡಿಯಾ ಎಂಬುದು ಇನ್ನೂ ಮೌನಿ, ಹತ್ತರಲ್ಲಿ ಏಳು ಹೆಂಗಸರಿಗೆ ಸುಳಿವು ಕೊಡದು. ಸದ್ದಿಲ್ಲದೆ ಗರ್ಭನಾಳದವರೆಗೆ ಏರಿ ಅಲ್ಲಿ ಗಾಯ ಮಾಡಿ ನಾಳ ಮುಚ್ಚಿಸುತ್ತದೆ. ಆಮೇಲೆ ಮಕ್ಕಳಾಗಲಿಲ್ಲ ಎಂದು ಗುಡಿ ಸುತ್ತುವುದು, ಬಂಜೆ ಎಂದು ಅನ್ನಿಸಿಕೊಳ್ಳುವುದು ಯಾರು? ತಂದವನಲ್ಲ. ಸಿಫಿಲಿಸಿನ ಮೊದಲ ಹುಣ್ಣು ನೋಯುವುದೇ ಇಲ್ಲ. ಗರ್ಭಕಂಠದ ಮೇಲೆ ಎದ್ದರೆ ಕಾಣುವುದೂ ಇಲ್ಲ. ಮೂರರಿಂದ ಆರು ವಾರದಲ್ಲಿ ತಾನಾಗಿ ಮಾಯುತ್ತದೆ, ಕಾಯಿಲೆ ಮಾತ್ರ ರಕ್ತದಲ್ಲಿ ಉಳಿಯುತ್ತದೆ. ಎಚ್‌ಐವಿ ಅಂತೂ ಎಂಟು ಹತ್ತು ವರ್ಷ ಮನುಷ್ಯನನ್ನು ಗಟ್ಟಿಮುಟ್ಟಾಗಿಯೇ ಇರಿಸಬಲ್ಲದು. ‘ನೋಡ್ರಿ, ಎಷ್ಟ ದಪ್ಪ ಅದಾರ, ಅವರಿಗೇನ ರೋಗ ಇರ್ತದ’ ಎಂಬ ಮಾತನ್ನು ನಾನು ಕೇಳಿದಷ್ಟು ಬೇರಾರೂ ಕೇಳಿರಲಿಕ್ಕಿಲ್ಲ.

ಇದರ ತಿರುವು ಕೂಡ ನಿಜ, ಅದನ್ನೂ ಕೇಳು. ತ್ರಾಸು ಇದೆ ಎಂದಮಾತ್ರಕ್ಕೆ ಲೈಂಗಿಕ ರೋಗ ಇದೆ ಎಂದೂ ಅಲ್ಲ. ಬಿಳಿ ಸೆರಗು ಹೋಗುತ್ತದೆ ಎಂದು ಸೊಂಟ ಹಿಡಿದುಕೊಂಡು ಬರುವವರೇ ಜಾಸ್ತಿ. ಮೈ ಉಷ್ಣ ಆಗೇತಿ ಎಂದು ಸಬ್ಜಾ ನೆನೆಸಿ ಕುಡಿದು, ಮಜ್ಜಿಗೆ ಕುಡಿದು, ಮೆಂತ್ಯ ನುಂಗಿ, ಕೊನೆಗೆ ಆಸ್ಪತ್ರೆಗೆ ಬಂದಿರುತ್ತಾರೆ. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಇದನ್ನೇ ಹಿಡಿದು ಊರ ಹೆಂಗಸರನ್ನು ಪರೀಕ್ಷೆ ಮಾಡಿದರು. ಬಿಳಿ ಸೆರಗಿನ ದೂರಿಗೂ ಸೋಂಕಿಗೂ ಇರುವ ನಂಟಿಗಿಂತ, ಆ ದೂರಿಗೂ ಮನಸ್ಸಿನ ಸಂಕಟಕ್ಕೂ ಇರುವ ನಂಟು ಗಟ್ಟಿಯಾಗಿ ಕಂಡಿತು. ಗಂಡನ ಕುಡಿತ, ಸಾಲ, ಹೊಡೆತ, ನಿದ್ದೆಗೇಡು ಇವೆಲ್ಲ ಬಾಯಿಬಿಟ್ಟು ಹೇಳಲಾಗದ ಕಡೆ ‘ಬಿಳಿ ಹೋಗ್ತದ’ ಎಂದು ಹೇಳಿಕೊಳ್ಳುತ್ತೇವೆ. ಕೆಲವೊಮ್ಮೆ ಅದು ಸಹಜ ಸ್ರಾವ, ಕೆಲವೊಮ್ಮೆ ಬೂಷ್ಟಿನ ಸೋಂಕು. ಗಂಡನನ್ನು ದೂರಲು ಅಲ್ಲಿ ಕಾರಣವೇ ಇರುವುದಿಲ್ಲ. ಅವಸರದ ಡಾಕ್ಟರು ಇದನ್ನು ಲೈಂಗಿಕ ರೋಗ ಎಂದು ಚೀಟಿಯಲ್ಲಿ ಗೀಚಿ ಕಳಿಸಿದರೆ ಮನೆಯೊಂದು ಒಡೆಯಬಹುದು. ಹಾಗಾಗಿ ಸುಮ್ಮನೆ ಗುಳಿಗೆ ಇಸಿದುಕೊಂಡು ಬರಬೇಡ. ‘ಒಳಗ ಪರೀಕ್ಷಾ ಮಾಡಿ ನೋಡ್ರಿ, ರಕ್ತ ನೋಡ್ರಿ’ ಎಂದು ಬಾಯಿಬಿಟ್ಟು ಕೇಳು.

ಇನ್ನು ಇಲ್ಲದ ಕಡೆ ಹೆದರುವ ಅಭ್ಯಾಸ. ಬೆಂಗಳೂರಿನ ಗಾರ್ಮೆಂಟ್ಸಿನಿಂದ ಊರಿಗೆ ಬಂದ ಹುಡುಗಿಯರು ಫ್ಯಾಕ್ಟರಿ ಕಕ್ಕಸಿನಿಂದ ಸೋಂಕು ಬಂತು ಎನ್ನುತ್ತಾರೆ. ಸೊಳ್ಳೆ, ಬಸ್ಸಿನ ಸೀಟು, ಒಂದೇ ತಾಟಿನ ಊಟ, ಒಂದೇ ಟವೆಲು ಎಂದೆಲ್ಲ ಹೇಳುತ್ತಾರೆ. ಎಚ್‌ಐವಿ, ಸಿಫಿಲಿಸ್ ಇವು ಸೊಳ್ಳೆಯಿಂದ, ಕಕ್ಕಸಿನ ಕಟ್ಟೆಯಿಂದ ಬರುವ ಕಾಯಿಲೆಗಳಲ್ಲ. ಕಕ್ಕಸು ಕೊಳಕಿದ್ದರೆ ಮ್ಯಾನೇಜರನ ಹತ್ತಿರ ಜಗಳ ಮಾಡು, ಅದು ನಿನ್ನ ಹಕ್ಕು, ಆದರೆ ಈ ಸೋಂಕಿನ ಹೊಣೆಯನ್ನು ಅದರ ಮೇಲೆ ಹಾಕಿ ನಿಶ್ಚಿಂತಳಾಗಬೇಡ.

ಮೂರನೆಯ ಅಳತೆಗೋಲು ಆಪರೇಷನ್ನು. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ, ಅದೂ ಇಪ್ಪತ್ತೈದು ದಾಟುವಷ್ಟರಲ್ಲೇ ಎಷ್ಟೋ ಮಂದಿ. ಅಲ್ಲಿಗೆ ಕಾಂಡೋಮ್ ಮಾತು ಮನೆಯಿಂದ ಆಚೆ ಹೋಯಿತು. ಮಕ್ಕಳಾಗುವ ಭಯ ಇಲ್ಲವಲ್ಲ! ಕಾಪರ್-ಟಿ, ಗುಳಿಗೆ, ಚುಚ್ಚುಮದ್ದು, ಆಪರೇಷನ್, ಇವೆಲ್ಲ ಬಸಿರು ತಡೆಯುತ್ತವೆ, ಸೋಂಕನ್ನು ತಡೆಯುವುದಿಲ್ಲ. ಆಪರೇಷನ್ ಆದ ಮೇಲೆ ಗಂಡನೆದುರು ಕಾಂಡೋಮ್ ಕೇಳಲು ನಿನ್ನ ಕೈಯಲ್ಲಿದ್ದ ಒಂದೇ ಒಂದು ನೆಪವೂ ಹೋಗಿಬಿಡುತ್ತದೆ. ಆಪರೇಷನ್ ಬೇಡ ಎನ್ನುತ್ತಿಲ್ಲ. ಆ ನೆಪ ಹೋಗುತ್ತದೆ ಎಂಬುದು ಮಾಡಿಸಿಕೊಳ್ಳುವ ಮೊದಲೇ ತಿಳಿದಿರಲಿ ಅಂತ.

ತೊಳೆದುಕೊಂಡರೆ ಹೋಗುತ್ತದೆ ಎಂದು ನಂಬಿದವರೂ ಇದ್ದಾರೆ. ಡೆಟಾಲು, ಸೋಪು, ಉಪ್ಪುನೀರು ಹಾಕಿ ಒಳಗೆಲ್ಲ ಉಜ್ಜುತ್ತಾರೆ. ಯೋನಿಯೊಳಗೆ ನಮ್ಮನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ, ಅಲ್ಲಿನ ಹುಳಿ ಅಂಶವನ್ನು ಅವೇ ಉಳಿಸುವುದು. ಡೆಟಾಲು ಮೊದಲು ಕೊಲ್ಲುವುದು ಅವನ್ನೇ. ಹೊರಗೆ ನೀರು ಸಾಕು, ಒಳಗೆ ಏನೂ ಬೇಡ.

ಇಷ್ಟೆಲ್ಲ ಹೇಳಿದೆ ಎಂದು ಹೆಂಗಸರಿಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದೇನೆ ಎಂದು ತಿಳಿಯಬೇಡ. ನನ್ನ ಅನುಭವ ಬೇರೆಯೇ. ‘ಇಲ್ಲವೇ ಇಲ್ಲ’ ಎಂದು ಉತ್ತರಿಸಿದವಳಿಗೆ ಅನೇಕ ಸಲ ಎಲ್ಲ ಗೊತ್ತಿರುತ್ತದೆ. ಒಬ್ಬಾಕೆ ನೆನಪಾಗುತ್ತಾಳೆ. ಎಲೆ ಅಡಿಕೆ ಸಂಚಿಯೊಳಗೆ, ಸುಣ್ಣದ ಡಬ್ಬಿಯ ಕೆಳಗೆ, ಗಂಡನ ಆಸ್ಪತ್ರೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದಳು. ಆತನ ಅಂಗಿ ಒಗೆಯುವಾಗ ಜೇಬಿನಲ್ಲಿ ಸಿಕ್ಕಿದ್ದು. ಓದಲು ಬಾರದು, ಆದರೂ ಎಸೆದಿರಲಿಲ್ಲ. ನನ್ನ ಪ್ರಶ್ನೆಗೆ ‘ನನಗೇನೂ ಇಲ್ರಿ’ ಎಂದವಳು, ಎದ್ದು ಬಾಗಿಲ ತನಕ ಹೋದವಳು, ತಿರುಗಿ ಬಂದು ಸಂಚಿ ಬಿಚ್ಚಿದಳು. ಚೀಟಿಯ ಮೇಲೆ ಸಿಫಿಲಿಸಿನ ಪರೀಕ್ಷೆ, ವಿಡಿಆರ್‌ಎಲ್, ರಿಯಾಕ್ಟಿವ್ ಎಂದಿತ್ತು. ಚೀಟಿ ಸಿಕ್ಕಿದ ದಿನದಿಂದ ಆಕೆಗೆ ಒಳಗೊಳಗೇ ಅನುಮಾನ. ಅನುಮಾನವನ್ನು ಬಾಯಿಗೆ ತಂದರೆ ಆ ರಾತ್ರಿ ಹೊಡೆತ, ಮರುದಿನ ತವರು, ತವರಿನಲ್ಲಿ ಅಣ್ಣನ ಹೆಂಡತಿ. ಅದೆಲ್ಲ ನಾಳೆಯೇ ಆಗುವಂಥದ್ದು. ರೋಗದ ಪೆಟ್ಟು ಎಂದೋ ಮುಂದೆ. ಆಕೆ ಎರಡನ್ನೂ ತೂಗಿ ನೋಡಿ ಬಾಯಿ ಮುಚ್ಚಿಕೊಂಡಿದ್ದಳು. ಇದು ಅಜ್ಞಾನವೇ? ಮೇಲಿನ ಅಧಿಕಾರಿಗಳು ಮತ್ತೆ ಮತ್ತೆ ‘ಜಾಗೃತಿ ಮೂಡಿಸಿ’ ಎಂದು ಸುತ್ತೋಲೆ ಕಳಿಸುವಾಗ ನನಗೆ ಸಿಟ್ಟು ಬರುತ್ತಿದ್ದದ್ದು ಇದಕ್ಕೇ. ಕೈಯಲ್ಲಿ ನಾಲ್ಕು ಕಾಸು, ತಲೆಯ ಮೇಲೊಂದು ಸೂರು ತನ್ನದೆಂದು ಇಲ್ಲದ ಹೆಂಗಸು ಸತ್ಯ ತಿಳಿದು ಮಾಡುವುದಾದರೂ ಏನು?

ಆಕೆಗೆ ಅಂದೇ ರಕ್ತ ಪರೀಕ್ಷೆ ಮಾಡಿಸಿದೆವು. ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಸೊಂಟದ ಕೆಳಗೆ ಚುಚ್ಚುಮದ್ದು. ಸಿಫಿಲಿಸ್ ಹೊಸದಾಗಿದ್ದರೆ ಒಂದೇ ಸಾಕು, ಹಳೆಯದಾಗಿದ್ದರೆ ವಾರಕ್ಕೊಂದರಂತೆ ಮೂರು. ಅಷ್ಟಕ್ಕೆ ಗುಣವಾಗುವ ಕಾಯಿಲೆಗೆ ಎಷ್ಟು ದಿನ ಬೆಂದಿದ್ದಳೋ.

ಅದಕ್ಕೇ ತಂಗಿ, ಗಂಡನ ಜತೆ ಜಗಳ ಆಡು, ಹೋರಾಡು ಎಂದು ನಾನು ಹೇಳುವುದಿಲ್ಲ. ದೂರ ಕೂತವರಿಗೆ ಹಾಗೆ ಹೇಳುವುದು ಸುಲಭ. ಯಾವ ಜಗಳವೂ ಇಲ್ಲದೆ ನಿನ್ನ ಕೈಯಲ್ಲಿ ಆಗುವಷ್ಟನ್ನೇ ಹೇಳುತ್ತೇನೆ.

ಮೊದಲು ನಿನ್ನದು ನೀನು ತಿಳಿದುಕೋ. ಜಿಲ್ಲಾಸ್ಪತ್ರೆಯಲ್ಲಿ, ದೊಡ್ಡ ತಾಲ್ಲೂಕು ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಫಲಕ ಇರುತ್ತದೆ, ಪಕ್ಕದಲ್ಲೇ ಐಸಿಟಿಸಿ ಎಂದು ಬರೆದ ಕೋಣೆ. ಅಲ್ಲಿ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಉಚಿತ. ಪರೀಕ್ಷೆ ಮಾಡಿಸಿಕೊಂಡರೆ ಗಂಡನ ಮೇಲೆ ಅಪವಾದ ಹೊರಿಸಿದಂತೆ ಎಂದು ಅಂಜಬೇಡ. ಮದುವೆಗೆ ಎಷ್ಟೋ ವರ್ಷ ಮುಂಚೆ ತಗಲಿದ್ದು ಇಂದು ಕಾಣಬಹುದು. ಯಾವಾಗ ಬಂತು, ಯಾರಿಂದ ಬಂತು ಎಂದು ರಕ್ತದ ವರದಿ ಹೇಳುವುದಿಲ್ಲ. ಆತನಿಗೂ ತನಗಿರುವುದು ಗೊತ್ತಿರಲಿಕ್ಕಿಲ್ಲ. ಇನ್ನೊಂದು, ಗಂಡನದು ನೆಗೆಟಿವ್ ಬಂದಿದೆ ಎಂದು ನಿನ್ನದೂ ಹಾಗೇ ಅಂದುಕೊಳ್ಳಬೇಡ. ಎಚ್‌ಐವಿ ತಗಲಿ ಮೂರು ತಿಂಗಳಾಗುವವರೆಗೆ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ಒಮ್ಮೆ ಮಾಡಿಸಿದ್ದು ಜೀವಮಾನಕ್ಕೂ ಅಲ್ಲ.

ಹೇಗೆ ಮಾತು ತೆಗೆಯಲಿ ಎಂದು ಕೇಳುತ್ತೀ. ಡಾಕ್ಟರ ಹೆಗಲ ಮೇಲೆ ಹಾಕು. ಸುರಕ್ಷಾ ಕ್ಲಿನಿಕ್ಕಿನಲ್ಲಿ ಔಷಧ ಬಣ್ಣದ ಪೊಟ್ಟಣಗಳಲ್ಲಿ ಬರುತ್ತದೆ. ಗರ್ಭಕಂಠದ ಸ್ರಾವಕ್ಕೆ ಬೂದು ಬಣ್ಣ, ಯೋನಿಸ್ರಾವಕ್ಕೆ ಹಸಿರು, ಕಿಬ್ಬೊಟ್ಟೆ ನೋವಿಗೆ ಹಳದಿ. ಬೂದು ಪೊಟ್ಟಣ ಕೊಟ್ಟರೆ ಜೋಡಿಗೂ ಒಂದು ಕೊಡುತ್ತಾರೆ. ಒಬ್ಬರೇ ನುಂಗಿದರೆ ಇನ್ನೊಬ್ಬರಿಂದ ತಿರುಗಿ ಬರುತ್ತದೆ. ‘ನಿನಗ ರೋಗ, ನಾ ಯಾಕ ಗುಳಿಗಿ ತಗೋಲಿ’ ಎನ್ನುವ ಗಂಡಂದಿರೇ ಹೆಚ್ಚು, ಆ ಹೆಂಡಂದಿರು ತಿಂಗಳು ಕಳೆಯುವಷ್ಟರಲ್ಲಿ ಅದೇ ಪೊಟ್ಟಣಕ್ಕೆ ಮತ್ತೆ ಬರುತ್ತಿದ್ದರು. ‘ಇಬ್ಬರೂ ತಗೊಂಡ್ರಷ್ಟ ಹೋಗ್ತದಂತ, ನೀವೂ ಒಂದ್ಸಲ ಬರ್ಬೇಕಂತ ಡಾಕ್ಟರ್ ಹೇಳ್ಯಾರ’ ಎಂದಷ್ಟೇ ಹೇಳು. ಯಾರಿಂದ ಬಂತು ಎಂಬ ಮಾತಿಗೆ ಹೋಗಬೇಡ. ಔಷಧ ಮುಗಿದು ಡಾಕ್ಟರು ಹೂಂ ಅನ್ನುವವರೆಗೆ ಕಾಂಡೋಮ್ ಬೇಕು ಎಂಬುದನ್ನೂ ಡಾಕ್ಟರ ಬಾಯಿಂದಲೇ ಹೇಳಿಸು. ಸರ್ಕಾರ 1968ರಿಂದ ನಿರೋಧ್ ಹಂಚುತ್ತಿದೆ, ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಬೇಡ, ರಬ್ಬರು ಹರಿಯುತ್ತದೆ. ಎರಡು ಒಟ್ಟಿಗೆ ಹಾಕುವುದೂ ಬೇಡ.

ಬಸುರಿಯಾದಾಗ ತಾಯಿ ಕಾರ್ಡ್ ಮಾಡಿಸುವಾಗ ಎಚ್‌ಐವಿ, ಸಿಫಿಲಿಸ್ ಎರಡೂ ಪರೀಕ್ಷೆ ಆಗುತ್ತವೆ. ಎಷ್ಟೋ ಹೆಂಗಸರಿಗೆ ಜೀವನದಲ್ಲಿ ಮೊದಲ ಸಲ ಪರೀಕ್ಷೆ ಆಗುವುದೇ ಆಗ. ಇಲ್ಲೊಂದು ಅಡ್ಡಪೆಟ್ಟು ಇದೆ. ಮನೆಯಲ್ಲಿ ಮೊದಲು ಪರೀಕ್ಷೆ ಆದವಳು ಸೊಸೆ, ಪಾಸಿಟಿವ್ ಬಂದದ್ದು ಸೊಸೆಗೆ, ಹಾಗಾಗಿ ತಂದವಳೂ ಸೊಸೆಯೇ ಎಂದು ಅತ್ತೆ ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ಆದ್ದರಿಂದ ಆದಷ್ಟು ಮಟ್ಟಿಗೆ ಇಬ್ಬರದೂ ಒಂದೇ ದಿನ ರಕ್ತ ಕೊಡುವಂತೆ ಸಮಾಲೋಚಕಿಯಿಂದ ಹೇಳಿಸು. ಔಷಧವಿಲ್ಲದೆ ಬಿಟ್ಟರೆ ತಾಯಿಯಿಂದ ಮಗುವಿಗೆ ಎಚ್‌ಐವಿ ಹೋಗುವ ಸಾಧ್ಯತೆ ನೂರಕ್ಕೆ 15ರಿಂದ 45. ತಾಯಿ ಗುಳಿಗೆ ತಪ್ಪಿಸದೆ ತಗೊಂಡು ಮಗುವಿಗೂ ಹುಟ್ಟಿದೊಡನೆ ಔಷಧ ಕೊಟ್ಟರೆ ಅದು 5ಕ್ಕೂ ಕೆಳಗೆ ಇಳಿಯುತ್ತದೆ. ಸಿಫಿಲಿಸಿಗೆ ಔಷಧ ಕೊಡದೆ ಬಿಟ್ಟರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ಸಕಾಲದಲ್ಲಿ ಪೆನಿಸಿಲಿನ್ ಕೊಟ್ಟರೆ ಉಳಿಯುತ್ತದೆ.

ಎಚ್‌ಐವಿ ಪಾಸಿಟಿವ್ ಬಂದರೆ? ಬಂದರೂ ಬದುಕಿದೆ. ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆ 2004ರ ಏಪ್ರಿಲ್ 1ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಮೊದಲು ರಕ್ತದ ಕಣ ಇಷ್ಟಕ್ಕೆ ಇಳಿಯಲಿ ಎಂದು ಕಾಯಿಸುತ್ತಿದ್ದರು. 2017ರಿಂದ ಪತ್ತೆಯಾದ ಎಲ್ಲರಿಗೂ ಕೊಡುತ್ತಾರೆ. ದಿನಾ ತಪ್ಪದೆ ತಗೊಂಡು ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾದವರಿಂದ ಸಂಗಾತಿಗೆ ಲೈಂಗಿಕವಾಗಿ ಹರಡುವುದಿಲ್ಲ.

ಇನ್ನೂ ಒಂದು ನಿನ್ನ ಕಡೆಗಿದೆ, ಅದನ್ನು ಆಸ್ಪತ್ರೆಯವರೂ ಸರಿಯಾಗಿ ಹೇಳುವುದಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿನ್ನ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಕಂಡಕಂಡವರಿಗೆ ಹೇಳುವಂತಿಲ್ಲ. ಸಂಗಾತಿಗೆ ತಿಳಿಸಲು ಡಾಕ್ಟರಿಗೆ ಕೆಲವು ಷರತ್ತಿನ ಮೇಲೆ ಅವಕಾಶ ಇದೆ. ಆದರೆ ತಿಳಿಸಿದರೆ ಹೆಂಗಸಿಗೆ ಹೊಡೆತ ಬೀಳಬಹುದು, ಮನೆಯಿಂದ ಹೊರಹಾಕಬಹುದು ಎಂಬ ಭಯಕ್ಕೆ ಕಾರಣ ಇದ್ದರೆ ತಿಳಿಸಬಾರದು ಎಂದು ಆ ಕಾಯ್ದೆಯೇ ಹೇಳುತ್ತದೆ. ಗಂಡನ ಮನೆಯಲ್ಲಿ ಉಳಿಯುವ ಹಕ್ಕನ್ನೂ ಅದು ಕೊಡುತ್ತದೆ. ಸಂಚಿಯಲ್ಲಿ ಚೀಟಿ ಮುಚ್ಚಿಟ್ಟುಕೊಂಡವಳಂಥವರಿಗಾಗಿಯೇ ಬರೆದಂತಿದೆ ಆ ಸಾಲು. ನಿನಗೆ ಅಂಥ ಭಯವಿದ್ದರೆ ಸಮಾಲೋಚಕಿಗೆ ಮೊದಲೇ ಹೇಳು. ಹೇಳದೆ ಅವಳಿಗೆ ಗೊತ್ತಾಗುವುದಿಲ್ಲ.

ಬಲಾತ್ಕಾರ ಆಯಿತು ಎಂದುಕೋ, ಆ ಮಾತು ಹೇಳಲೂ ನಾಲಿಗೆ ಏಳದು, ಆದರೂ ಹೇಳಬೇಕು. 72 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆ ಮುಟ್ಟಿದರೆ ಎಚ್‌ಐವಿ ತಗಲದಂತೆ 28 ದಿನದ ಗುಳಿಗೆ ಕೊಡುತ್ತಾರೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಪೊಲೀಸ್ ಠಾಣೆಯ ಕೆಲಸ ಮುಗಿಯಲಿ ಎಂದು ಕಾಯಬೇಡ, ಮೊದಲು ಆಸ್ಪತ್ರೆ. ಮಹಿಳಾ ಸಹಾಯವಾಣಿ 181.

ಮೂವತ್ತು ದಾಟಿದೆಯಾದರೆ ಗರ್ಭಕಂಠದ ತಪಾಸಣೆಯನ್ನೂ ಮಾಡಿಸಿಕೋ. ಆ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣು ಹರಡುವುದೂ ಇದೇ ದಾರಿಯಿಂದ. ಅದಕ್ಕೂ ಮೊದಮೊದಲು ಲಕ್ಷಣ ಇರುವುದಿಲ್ಲ. ಮಗಳಿಗೆ ಒಂಬತ್ತರಿಂದ ಹದಿನಾಲ್ಕರೊಳಗೆ ಲಸಿಕೆ ಹಾಕಿಸುವ ಬಗ್ಗೆ ಆಶಾ ಕಾರ್ಯಕರ್ತೆಯನ್ನೋ ಡಾಕ್ಟರನ್ನೋ ವಿಚಾರಿಸು.

ನೀನು ಆಶಾ ಕಾರ್ಯಕರ್ತೆಯಾಗಿದ್ದು ಇದನ್ನು ಓದುತ್ತಿದ್ದರೆ, ನಿನಗೂ ಒಂದು ಮಾತು. ಅತ್ತೆ ಕೂತಿರುವಾಗ ಪಡಸಾಲೆಯಲ್ಲಿ ಈ ಸೋಂಕಿನ ವಿಷಯ ಕೇಳಬೇಡ. ‘ಗಂಡ ಹೊರಗೆ ಹೋಗ್ತಾನೇನು’ ಎಂದೂ ಕೇಳಬೇಡ, ಯಾವ ಮರ್ಯಾದಸ್ಥ ಹೆಂಗಸು ಹೌದು ಅಂದಾಳು? ‘ಕೊನೆಗೆ ಯಾವಾಗ ಪರೀಕ್ಷಾ ಆಗೇತಿ?’ ಎಂದು ಕೇಳು. ಅದಕ್ಕೆ ಉತ್ತರ ಕೊಡುವಾಗ ಅವಳು ಯಾರ ಮೇಲೂ ಅನುಮಾನ ಪಡಬೇಕಿಲ್ಲ.

ತಂಗೀ, ನಿನ್ನ ಯಜಮಾನರು ಒಳ್ಳೆಯವರೇ ಇರಬಹುದು. ಹಾಗೇ ಇರಲಿ ಎಂದು ನಾನೂ ಹಾರೈಸುತ್ತೇನೆ. ಅವರ ಒಳ್ಳೆಯತನವನ್ನು ನೀನು ನೋಡುತ್ತಿರು, ರಕ್ತವನ್ನು ಲ್ಯಾಬಿನವರು ನೋಡಲಿ. ನಿಮ್ಮೂರ ಆಸ್ಪತ್ರೆಯಲ್ಲಿ ಕಾಂಪೌಂಡರನೇ ಭಾವನ ಗೆಳೆಯ ಎಂಬ ಅಳುಕಿದ್ದರೆ ಪಕ್ಕದ ತಾಲ್ಲೂಕಿಗೆ ಹೋಗು, ಸರ್ಕಾರಿ ಬಸ್ಸಿಗೆ ನಮಗೀಗ ಟಿಕೆಟ್ ದುಡ್ಡಿಲ್ಲ. ಹೋಗುವ ಮೊದಲು ಏನಾದರೂ ಕೇಳುವುದಿದ್ದರೆ 1097ಕ್ಕೆ ಫೋನ್ ಮಾಡು, ಅದೂ ಉಚಿತ. ಎಚ್‌ಐವಿ ಪರೀಕ್ಷೆಯ ಫಲಿತಾಂಶ ಸಾಮಾನ್ಯವಾಗಿ ಅದೇ ದಿನ ಕೈಗೆ ಸಿಗುತ್ತದೆ. ಮುಂದಿನ ಸಂತೆಗೆ ಹೋದ ದಿನ ಒಂದು ತಾಸು ಇದಕ್ಕಿಡು.